ಟಿಡಿಎಸ್ ಎಷ್ಟು ಸಾರ್?

ಯುಗಾದಿಗೆ ಅಂತ ಹನುಮಂತನಗರದ ಅಮ್ಮನ ಮನೆಗೆ ಹೋದರೆ ಅಡುಗೆಮನೆ ಗೋಡೆಯ ಮೇಲೆ ಹೊಸ ದೇವರೊಂದು ಪ್ರತಿಷ್ಠಾಪನೆ ಆಗಿತ್ತು. ನೀಲಿ ದೀಪ, ಸಣ್ಣಗೆ ಗುಂಯ್ ಅನ್ನೋ ಸದ್ದು, ಹೊಟ್ಟೆಯಿಂದ ಹೊರಟ ಬಿಳೀ ಪೈಪುಗಳು. ಅದರಲ್ಲೊಂದು ಸೀದಾ ಸಿಂಕಿನೊಳಗೆ ಇಳಿದಿತ್ತು. ಅದರಿಂದ ನೀರು ಸಣ್ಣಗೆ, ಆದರೆ ನಿಲ್ಲದೆ ಸುರೀತಾ ಇತ್ತು.

"ಇದೇನಮ್ಮ?" ಅಂದೆ.

"ಆರ್‌ಓ ಕಣೋ. ಹದಿನೇಳು ಸಾವಿರ. ಪಕ್ಕದ ಮನೆಯವರೂ ಹಾಕಿಸಿದ್ರು. ನಮ್ಮ ನೀರಲ್ಲಿ ಟಿಡಿಎಸ್ ಜಾಸ್ತಿ ಇದೆಯಂತೆ" ಅಂದಳು.

ಅಮ್ಮ ಆ ಮನೆಯಲ್ಲಿ ಮೂವತ್ತೈದು ವರ್ಷದಿಂದ ಇದ್ದಾಳೆ. ಅಷ್ಟೂ ವರ್ಷ ಕಾವೇರಿ ನೀರನ್ನ ಬಿಳೀ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ಸ್ಟೀಲ್ ಡ್ರಮ್ಮಿಗೆ ತುಂಬಿಟ್ಟು ನಮ್ಮನ್ನ ಸಾಕಿದ್ದಾಳೆ. ಈಗ ಅವಳ ಬಾಯಲ್ಲಿ ಟಿಡಿಎಸ್! ಅದು ಏನು ಅಂತ ಕೇಳಿದೆ. "ನೀರಲ್ಲಿರೋ ಕೊಳೆ" ಅಂದಳು. ಹಾಗಂತ ಹೇಳಿಕೊಟ್ಟವರು ಯಾರು ಅನ್ನೋದು ಮಧ್ಯಾಹ್ನ ಗೊತ್ತಾಯ್ತು.

ಊಟದ ಹೊತ್ತಿಗೆ ಸರ್ವಿಸ್ ಹುಡುಗ ಬಂದ. ಹಬ್ಬದ ದಿನವೂ ಟಾರ್ಗೆಟ್ ಇತ್ತಂತೆ, ಪಾಪ. ಕೂರಿಸಿ ಹೋಳಿಗೆ ಕೊಟ್ಟೆವು. ತಿಂದು ಕೈ ತೊಳೆದವನೇ ಬ್ಯಾಗಿನಿಂದ ಒಂದು ಯಂತ್ರ ತೆಗೆದ. ನೀವೂ ನೋಡಿರ್ತೀರಿ. ಎರಡು ಜೊತೆ ಲೋಹದ ಕಡ್ಡಿ, ಕರೆಂಟಿಗೆ ಒಂದು ವೈರು. ಒಂದು ಲೋಟಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಓ ನೀರು. ಸ್ವಿಚ್ ಹಾಕಿದ. ನೋಡ್ತಾ ನೋಡ್ತಾ ನಲ್ಲಿ ನೀರು ಹಸಿರು-ಕಂದು ಬಣ್ಣಕ್ಕೆ ತಿರುಗಿ ಮೇಲೆ ಗಸಿ ತೇಲಿತು. ಆರ್‌ಓ ನೀರು ಹಾಗೇ ತಿಳಿಯಾಗಿತ್ತು. "ನೋಡಿ ಮೇಡಂ, ಇಷ್ಟು ವರ್ಷ ನೀವು ಕುಡಿದಿದ್ದು ಇದನ್ನ" ಅಂದ. ಅಮ್ಮನ ಮುಖ ನೋಡೋಕಾಗಲಿಲ್ಲ. ಮಕ್ಕಳಿಗೆ ವಿಷ ಕುಡಿಸಿ ಬೆಳೆಸಿದೆನಾ ಅನ್ನೋ ಮುಖ ಅದು.

ನಾನು ಆರ್‌ಓ ನೀರಿನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ, "ಈಗ ಹಾಕಪ್ಪ" ಅಂದೆ. ಅದು ನಲ್ಲಿ ನೀರಿಗಿಂತ ಕೆಟ್ಟದಾಗಿ ಗಸಿಯಾಯ್ತು.

ಗುಟ್ಟು ಇಷ್ಟೇ. ಆ ಗಸಿ ನೀರಿನದ್ದಲ್ಲ, ಕಡ್ಡಿಯದ್ದು. ನೀರಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತೆ. ಕರೆಂಟು ಹರಿದರೆ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ತೇಲುತ್ತೆ. ಆರ್‌ಓ ನೀರಲ್ಲಿ ಲವಣ ಇಲ್ಲದೇ ಇರೋದರಿಂದ ಕರೆಂಟು ಹರಿಯಲ್ಲ, ಕಡ್ಡಿ ಕರಗಲ್ಲ. ಹೈಸ್ಕೂಲ್ ವಿಜ್ಞಾನ. ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ತೋರಿಸು ಅಂತ ಟ್ರೈನಿಂಗ್ ಕೊಟ್ಟವರ ಮೇಲೆ ಇದೆ. ಅದಕ್ಕಿಂತ ಜಾಸ್ತಿ ನಮ್ಮ ಮೇಲೆ ಇದೆ. ಒಂದು ಹೆಡ್‌ಫೋನ್ ತಗೊಳ್ಳೋಕೆ ಹನ್ನೊಂದು ವೀಡಿಯೋ ನೋಡ್ತೀವಿ. ಮನೆಮಂದಿಯೆಲ್ಲ ದಿನಾ ಕುಡಿಯೋ ನೀರಿನ ವಿಷಯದಲ್ಲಿ ಮಾತ್ರ ಎರಡು ಕಡ್ಡಿ ನೋಡಿ ಕಾರ್ಡ್ ಉಜ್ಜುತ್ತೀವಿ.

ಅವನ ಜೇಬಲ್ಲಿದ್ದ ಪೆನ್ನಿನಂಥ ಮೀಟರ್ ಕಥೆಯೂ ಅಷ್ಟೇ. ನಾನೂ ಒಂದು ತರಿಸಿಕೊಂಡೆ, ಇನ್ನೂರು ಚಿಲ್ಲರೆ ರೂಪಾಯಿ. ಅದು ಅಳೆಯೋದು ನೀರಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ ಮಾತ್ರ. ಅದನ್ನ ಒಂದು ಗುಣಾಕಾರ ಮಾಡಿ ಟಿಡಿಎಸ್ ಅಂತ ತೋರಿಸುತ್ತೆ, ಅಂದರೆ ಕರಗಿರೋ ಒಟ್ಟು ಲವಣದ ಅಂದಾಜು. ಒಂದು ಭಾನುವಾರ ಕೈಗೆ ಸಿಕ್ಕಿದ್ದಕ್ಕೆಲ್ಲ ಅದ್ದಿ ನೋಡಿದೆ. ಅಮ್ಮನ ಮನೆ ನಲ್ಲಿ ನೀರು 210. ಎಳನೀರು ಸಾವಿರಗಟ್ಟಲೆ. ಬೇಳೆ ಸಾರಿಗೆ ಅದ್ದಿದಾಗ ಮೀಟರ್ ಲೆಕ್ಕವನ್ನೇ ಕೈಬಿಟ್ಟಿತು. ಹುಡುಗನ ಮಾತು ನಂಬೋದಾದರೆ ನಾವೆಲ್ಲ ಸಾರನ್ನ ತಿಂದು ಯಾವತ್ತೋ ಸಾಯಬೇಕಿತ್ತು.

ತಮಾಷೆ ಹಾಗಿರಲಿ. ಮೀಟರ್ ಏನು ಹೇಳಲ್ಲ ಅನ್ನೋದನ್ನ ಗಮನಿಸಿ. ಚರಂಡಿ ನೀರು ಸೇರಿ ಇ-ಕೋಲಿ ಬಂದಿದೆಯಾ? ಹೇಳಲ್ಲ. ಫ್ಲೋರೈಡ್ ಇದೆಯಾ? ಹೇಳಲ್ಲ. ನೈಟ್ರೇಟ್? ಸೀಸ? ಕೀಟನಾಶಕ? ಯಾವುದನ್ನೂ ಹೇಳಲ್ಲ. 210 ತೋರಿಸೋ ನೀರು ಕಾಲರಾ ತರಬಹುದು, 900 ತೋರಿಸೋ ನೀರು ರುಚಿ ಬಿಟ್ಟರೆ ಏನೂ ತೊಂದರೆ ಕೊಡದೇ ಇರಬಹುದು. ಆದರೂ ಇಡೀ ವ್ಯಾಪಾರ ನಡೀತಿರೋದು ಆ ಒಂದು ಸಂಖ್ಯೆಯ ಮೇಲೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ 2012ರ ಆವೃತ್ತಿಯಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದ ಕಡೆ 2000ವರೆಗೂ ನಡೆಯುತ್ತೆ ಅಂತಿದೆ. ಅಮ್ಮನದು 210. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ, ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಶುದ್ಧೀಕರಿಸಿ, ಕ್ಲೋರಿನ್ ಹಾಕಿ ಕಳಿಸೋ ನೀರದು. ಅದು ಹನುಮಂತನಗರದ ಅಡುಗೆಮನೆಗೆ ಬಂದು ಆರ್‌ಓಗೆ ಹೊಕ್ಕಿ, ಒಂದು ಲೀಟರ್ ಲೋಟಕ್ಕೆ, ಮೂರು ಲೀಟರ್ ಸಿಂಕಿಗೆ. ಈ ನೀರಿಗೋಸ್ಕರ ಎರಡು ರಾಜ್ಯ ನೂರು ವರ್ಷದಿಂದ ಕೋರ್ಟು-ಕಚೇರಿ ಅಲೀತಿವೆ, ನೆನಪಿರಲಿ.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನೇ ಹೇಳಿತ್ತು. ಟಿಡಿಎಸ್ 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಓ ಬೇಡ, ಇರೋ ಕಡೆಯೂ ಕನಿಷ್ಠ ಶೇ. 60ರಷ್ಟು ನೀರಾದರೂ ಬಳಕೆಗೆ ಸಿಗೋ ಹಾಗೆ ಮಾಡಿ ಅಂತ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಅಮ್ಮನ ಏರಿಯಾದಲ್ಲಿ ಆ ಆದೇಶ ಕೇಳಿದವರು ಒಬ್ಬರೂ ಸಿಗಲಿಲ್ಲ. ಸರ್ವಿಸ್ ಹುಡುಗನೂ ಕೇಳಿರಲಿಲ್ಲ.

ಸರಿ, ಅಮ್ಮನ ಮನೆ ಬಿಡಿ, ಅದು ಸಿಹಿನೀರಿನ ಊರು. ನಾನಿರೋದು ಸರ್ಜಾಪುರ ರಸ್ತೆಯ ಒಳಗೆ, ಉಪ್ಪುನೀರಿನ ಊರಲ್ಲಿ. ನಮ್ಮಲ್ಲಿ 136 ಮನೆ, ಮೂರು ಬೋರ್‌ವೆಲ್. ಅದರಲ್ಲೊಂದು 2024ರ ಬೇಸಿಗೆಯಲ್ಲಿ ಬತ್ತಿಹೋಯ್ತು. ಮಿಕ್ಕಿದ್ದಕ್ಕೆ ಟ್ಯಾಂಕರ್. ಟ್ಯಾಂಕರ್ ನೀರೂ ಬೋರ್ ನೀರೇ, ಯಾವ ಬೋರು ಅನ್ನೋದು ಡ್ರೈವರಿಗೆ ಮಾತ್ರ ಗೊತ್ತು.

ಗಡಸು ನೀರಿನ ಸಂಸಾರ ಗೊತ್ತಿರೋರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಶವರ್‌ನ ತೂತು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತೆ. ಗೀಸರಿನ ಕಾಯಿಲ್ ಎರಡು ವರ್ಷಕ್ಕೆ ಸುಣ್ಣದ ಗೂಟ ಆಗುತ್ತೆ. ನಲ್ಲಿ ಬುಡದಲ್ಲಿ ಬಿಳೀ ಹೊಪ್ಪಳೆ. ಸೋಪು ನೊರೆ ಬರಲ್ಲ, ಬಂದರೆ ಹೋಗಲ್ಲ. ಬೇಳೆ ಕುಕ್ಕರಲ್ಲಿ ಐದು ಸೀಟಿ ಕೂಗಿದರೂ ನುಣ್ಣಗಾಗಲ್ಲ. ಟೀ ಮೇಲೆ ಎಣ್ಣೆ ಪದರದ ಹಾಗೆ ಕೆನೆ ಕಟ್ಟುತ್ತೆ. ಕೆಟಲ್ ತಳದಲ್ಲಿ ಸುಣ್ಣ, ಅದಕ್ಕೆ ನಿಂಬೆರಸವೋ ಹುಣಸೆಹುಳಿಯೋ ಹಾಕಿ ಕುದಿಸಿದರೆ ಬಿಡುತ್ತೆ. ಅಜ್ಜಿ ಹಿತ್ತಾಳೆ ಪಾತ್ರೆಗೆ ಮಾಡ್ತಿದ್ದದ್ದೇ.

ಇದೆಲ್ಲ ತಲೆನೋವು, ನಿಜ. ಆದರೆ ರೋಗ ಅಲ್ಲ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಒಂದನ್ನ ಹಾಲಲ್ಲಿ, ರಾಗಿಯಲ್ಲಿ ಹುಡುಕಿಕೊಂಡು ತಿನ್ನುತ್ತೀವಿ. ಇನ್ನೊಂದನ್ನ ಈಗ ಮಾತ್ರೆಯಾಗಿ ನುಂಗೋ ಫ್ಯಾಷನ್ ಬಂದಿದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಂತೆ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ನಮ್ಮ ಐಎಸ್ 10500 ಇಟ್ಟಿರೋ 200, ಅನಿವಾರ್ಯ ಇದ್ದರೆ 600, ಅನ್ನೋ ಮಿತಿ ಮುಖ್ಯವಾಗಿ ಪೈಪು, ಪಾತ್ರೆ, ಸೋಪಿನ ಚಿಂತೆಗೆ. "ಕಿಡ್ನಿ ಸ್ಟೋನ್ ಆಗುತ್ತೆ ಸಾರ್" ಅಂತಾರಲ್ಲ, ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ನೀರು ಕಮ್ಮಿ ಕುಡಿದು ಏಸಿಯಲ್ಲಿ ಹತ್ತು ಗಂಟೆ ಕೂತರೆ ಕಲ್ಲಾಗುತ್ತೆ ಅನ್ನೋದಕ್ಕೆ ಬೇಕಾದಷ್ಟಿದೆ. ಇನ್ನು ಕೂದಲು ಉದುರೋ ವಿಷಯ. ನೀವು ತಲೆಗೆ ಸ್ನಾನ ಮಾಡೋದು ಬಚ್ಚಲಲ್ಲಿ, ಅಡುಗೆಮನೆಯ ಆರ್‌ಓ ಕೆಳಗಲ್ಲ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡ್ತೀನಿ, ಯಾಕೆಂದರೆ ಬಿಲ್ಡರ್‌ಗಳು ಇದರಲ್ಲೇ ದುಡ್ಡು ಮಾಡ್ತಾರೆ. ಅಪಾರ್ಟ್‌ಮೆಂಟಿನ ಕೆಳಗೆ ದೊಡ್ಡ ಸಿಲಿಂಡರಿನಂಥ ಸಾಫ್ಟ್‌ನರ್ ಇರುತ್ತಲ್ಲ, ಅದು ನೀರನ್ನ ಶುದ್ಧ ಮಾಡಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ, ಅದಕ್ಕೇ ಮೂಟೆಗಟ್ಟಲೆ ಉಪ್ಪು ತರಿಸೋದು. ಗೀಸರಿಗೆ, ಬಟ್ಟೆಗೆ, ಕೂದಲಿಗೆ ಒಳ್ಳೇದು. ಟಿಡಿಎಸ್ ಇಳಿಯಲ್ಲ, ಕ್ರಿಮಿ ಸಾಯಲ್ಲ. ಬಿಪಿ ಇರೋರು ಆ ನೀರನ್ನ ಕುಡಿಯೋ ಮುಂಚೆ ಡಾಕ್ಟರನ್ನ ಕೇಳೋದು ವಾಸಿ. ಹಾಗೇ ಯುವಿ ಕ್ರಿಮಿ ಕೊಲ್ಲುತ್ತೆ, ಯುಎಫ್ ಕ್ರಿಮಿ ಸೋಸುತ್ತೆ, ಎರಡೂ ಸುಣ್ಣ ತೆಗೆಯಲ್ಲ. ಆರ್‌ಓ ಮಾತ್ರ ಹೆಚ್ಚುಕಮ್ಮಿ ಎಲ್ಲವನ್ನೂ ತೆಗೆಯುತ್ತೆ, ಬೇಕಾದ್ದನ್ನೂ ಸೇರಿಸಿ. ಆಮೇಲೆ "ಮಿನರಲ್ ಕಾರ್ಟ್ರಿಜ್" ಅಂತ ಇನ್ನೊಂದು ಸಾವಿರಕ್ಕೆ ಅದನ್ನೇ ವಾಪಸ್ ಮಾರ್ತಾರೆ. ನಮ್ಮ ಜೇಬಿಂದ ಪರ್ಸ್ ಎತ್ತಿ, ಸಿಕ್ಕಿತು ಸಾರ್ ಅಂತ ಬಹುಮಾನ ಕೇಳಿದ ಹಾಗೆ.

ಇಷ್ಟೆಲ್ಲ ತಿಳಕೊಂಡು ನಾನು ದೊಡ್ಡ ಆರ್‌ಓ ವಿರೋಧಿ ಆಗಿದ್ದೆ. ಮನೆಯಲ್ಲಿ ಯುವಿ ಫಿಲ್ಟರ್ ಹಾಕಿಸಿ, ಸುಣ್ಣದ ನೀರು ಕುಡಿದ್ರೆ ಏನಾಗಲ್ಲ ಅಂತ ಆಫೀಸಲ್ಲಿ ಭಾಷಣ ಮಾಡ್ಕೊಂಡು ಓಡಾಡ್ತಿದ್ದೆ. ಆಗ ಮಗಳು ಹುಟ್ಟಿದಳು. ನಾಲ್ಕನೇ ತಿಂಗಳಲ್ಲಿ ಪುಡಿ ಹಾಲು ಶುರುವಾಯ್ತು. ಮಕ್ಕಳ ಡಾಕ್ಟರ್ ಮಾಮೂಲಿಯಾಗಿ ಕೇಳಿದರು: "ನಿಮ್ಮದು ಬೋರ್ ನೀರಾ? ನೈಟ್ರೇಟ್ ಎಷ್ಟಿದೆ?"

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಇನ್‌ಪುಟ್ ಏನು ಅಂತ ನೋಡದೆ ಯಾರಾದರೂ ಬಗ್ ಫಿಕ್ಸ್ ಮಾಡಿದರೆ ಮೀಟಿಂಗಲ್ಲಿ ಬೆವರಿಳಿಸ್ತೀನಿ. ಮನೆ ನೀರಿನ ಇನ್‌ಪುಟ್ ಏನು ಅಂತ ಒಂದು ಸಲವೂ ನೋಡಿರಲಿಲ್ಲ. ಕಡ್ಡಿ ನಂಬಿದವರನ್ನ ನೋಡಿ ನಗ್ತಿದ್ದೆ, ನಾನು ನಂಬಿದ್ದು ಬರೀ ನನ್ನ ಜಾಣತನವನ್ನ.

ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಕೊಟ್ಟೆ. ಕ್ರಿಮಿ ಪರೀಕ್ಷೆಗೆ ಅವರೇ ಕೊಡೋ ಸ್ಟೆರೈಲ್ ಬಾಟಲಿಯಲ್ಲೇ ಹಿಡಿಯಬೇಕು, ಐಸ್ ಇಟ್ಟು ಅದೇ ದಿನ ತಲುಪಿಸಬೇಕು. ಹಳೇ ಬಿಸ್ಲೇರಿ ಬಾಟಲಿಯಲ್ಲಿ ತಗೊಂಡು ಹೋದರೆ ನಿಮ್ಮ ಬಾಟಲಿಯ ವರದಿ ಬರುತ್ತೆ, ನೀರಿನದ್ದಲ್ಲ. 1,800 ರೂಪಾಯಿ ಆಯ್ತು. ಒಂದು ವಾರಕ್ಕೆ ಕಾಗದ ಬಂತು. ಟಿಡಿಎಸ್ 690. ಗಡಸುತನ 410. ಫ್ಲೋರೈಡ್ 0.7, ಪರವಾಗಿಲ್ಲ. ನಲ್ಲಿ ನೀರಲ್ಲಿ ಕೋಲಿಫಾರ್ಮ್ ಇದೆ. ನೈಟ್ರೇಟ್ 58.

ಮಿತಿ 45. ಟಿಡಿಎಸ್‌ಗೆ, ಗಡಸುತನಕ್ಕೆ ಬೇರೆ ದಾರಿ ಇಲ್ಲದಿದ್ದರೆ ಇಷ್ಟರವರೆಗೆ ನಡೆಯುತ್ತೆ ಅನ್ನೋ ರಿಯಾಯಿತಿ ಇದೆಯಲ್ಲ, ನೈಟ್ರೇಟಿಗೆ ಅದೂ ಇಲ್ಲ. ಪುಟ್ಟ ಮಕ್ಕಳ ಹೊಟ್ಟೆಗೆ ಹೆಚ್ಚು ನೈಟ್ರೇಟ್ ಹೋದರೆ ರಕ್ತ ಆಮ್ಲಜನಕ ಹೊರೋ ಶಕ್ತಿ ಕಳಕೊಳ್ಳುತ್ತೆ, ಮಗು ನೀಲಿಗಟ್ಟುತ್ತೆ. ಆರು ತಿಂಗಳ ಒಳಗಿನವರಿಗೇ ಅಪಾಯ ಜಾಸ್ತಿ. ಕಾಯಿಸಿದರೆ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಅಂದರೆ ಅಜ್ಜಿ-ಅಮ್ಮಂದಿರ ಕಾಲದ ಉಪಾಯ ಇಲ್ಲಿ ಉಲ್ಟಾ ಹೊಡೆಯುತ್ತೆ. ಯುವಿಗೂ ಜಗ್ಗಲ್ಲ, ಸಾಫ್ಟ್‌ನರಿಗೂ ಜಗ್ಗಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಟಲ್ ತಳದಲ್ಲಿ ಕೂರಲ್ಲ. ನಾವು ಬೈಯೋ ಸುಣ್ಣ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ.

ಎಲ್ಲಿಂದ ಬಂತು? ನಮ್ಮಿಂದಲೇ. ಒಳಚರಂಡಿ ಇಲ್ಲದ ಬಡಾವಣೆಗಳ ಪಿಟ್ಟು, ರಾಜಕಾಲುವೆಗೆ ಬಿಟ್ಟ ಕಕ್ಕಸಿನ ನೀರು, ಎಲ್ಲವೂ ನಿಧಾನಕ್ಕೆ ನೆಲಕ್ಕಿಳಿದು ಬೋರಿಗೆ ಬಂದಿದೆ. ಹೊಲದ ಯೂರಿಯಾದಿಂದಲೂ ಬರುತ್ತೆ, ಆದರೆ ನಮ್ಮ ಸುತ್ತ ಈಗ ಹೊಲ ಎಲ್ಲಿದೆ?

ಹೀಗೆ ಆರ್‌ಓ ವಿರೋಧಿಯ ಮನೆಗೆ ಆರ್‌ಓ ಬಂತು. ಮಾರೋಕೆ ಬಂದ ಮೂರು ಕಂಪನಿಯವರಲ್ಲಿ ಒಬ್ಬರೂ ನೈಟ್ರೇಟ್ ಅಂತ ಬಾಯಿ ಬಿಡಲಿಲ್ಲ, ಎಲ್ಲರೂ "ಟಿಡಿಎಸ್ ಎಷ್ಟು ಸಾರ್" ಅಂತಲೇ ಶುರು ಮಾಡಿದ್ದು. ನೈಟ್ರೇಟ್ ವರದಿ ತೋರಿಸಿದರೆ ಒಬ್ಬ ಅದನ್ನ ತಿರುಗಿಸಿ ಹಿಂದೆಯೂ ನೋಡಿದ. ಇನ್ನೊಬ್ಬ ಟಿಡಿಎಸ್ ಕಂಟ್ರೋಲರ್ ಇರೋ ಮಾಡೆಲ್ ತಗೊಳ್ಳಿ, ನೀರು ಸಪ್ಪೆ ಇರಲ್ಲ ಅಂದ. ಆ ಕಂಟ್ರೋಲರ್ ಮಾಡೋದೇನು ಗೊತ್ತಾ? ಮೆಂಬ್ರೇನ್ ದಾಟದ ನೀರನ್ನ ಒಂದಿಷ್ಟು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸೋದು. ಕ್ರಿಮಿಯೇನೋ ಯುವಿಗೆ ಸಾಯುತ್ತೆ, ನೈಟ್ರೇಟ್ ಹಾಗೇ ಬರುತ್ತೆ. ಹದಿನೆಂಟು ಸಾವಿರ ಕೊಟ್ಟು ತೆಗೆಸಿದ್ದನ್ನ ಹಿಂಬಾಗಿಲಿಂದ ಒಳಗೆ ಬಿಟ್ಟುಕೊಳ್ಳೋದು! ಅದಿಲ್ಲದ್ದನ್ನ ತಗೊಂಡೆ. ಪೆಟ್ಟಿಗೆ ಮೇಲೆ ಎಷ್ಟು ನೀರು ಒಳಗೆ ಹೋದರೆ ಎಷ್ಟು ಕುಡಿಯೋಕೆ ಸಿಗುತ್ತೆ ಅನ್ನೋ ಪ್ರಮಾಣ ಬರೆದಿದೆಯಾ ಅಂತ ನೋಡಿ, ಇರೋದರಲ್ಲಿ ಜಾಸ್ತಿ ಇರೋದನ್ನ ಆರಿಸಿದೆ. ಹಾಕಿಸಿದ ಮೇಲೆ ಆ ನೀರನ್ನೂ ಲ್ಯಾಬಿಗೆ ಕೊಟ್ಟೆ. ನೈಟ್ರೇಟ್ 9. ಇದು ಬಹಳ ಜನ ಮಾಡಲ್ಲ. ಮಾಡಿ. ಟ್ಯಾಂಕನ್ನೂ ತೊಳೆಸ್ತಾ ಇರಿ. ಒಳಗಿನ ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆದುಬಿಡೋದರಿಂದ ನಿಂತ ನೀರಿಗೆ ಕಾವಲು ಇರಲ್ಲ, ತೊಳೆಯದಿದ್ದರೆ ಅಲ್ಲೇ ಕ್ರಿಮಿ ಬೆಳೆಯುತ್ತೆ.

ಆ ನೀರು ಕುಡಿಯೋಕೆ, ಮಗುವಿಗೆ, ಅನ್ನ-ಬೇಳೆ ಬೇಯಿಸೋಕೆ. ತರಕಾರಿ, ಪಾತ್ರೆ ಎಲ್ಲ ನಲ್ಲಿ ನೀರಲ್ಲೇ. ವೇಸ್ಟ್ ಪೈಪು ಬಕೆಟ್ಟಿಗೆ, ಅದು ನೆಲ ಒರೆಸೋಕೆ, ಕಮೋಡಿಗೆ. ಗಿಡಕ್ಕೆ ದಿನಾ ಹಾಕಬೇಡಿ, ಉಪ್ಪು ಮಡುಗಟ್ಟುತ್ತೆ. ನಾನು ಒಂದು ಕರಿಬೇವಿನ ಗಿಡ ಸಾಯಿಸಿ ಕಲಿತದ್ದು.

ಇಲ್ಲಿಗೆ ಮುಗಿದಿದ್ದರೆ ಇದು ಬರೀ ಫಿಲ್ಟರ್ ಕೊಂಡ ಕಥೆ. ವರದಿ ಬಂದ ರಾತ್ರಿ ಅದನ್ನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಅಸೋಸಿಯೇಷನ್ ಪದಾಧಿಕಾರಿಯೊಬ್ಬರ ಫೋನ್. "ಏನ್ ಸಾರ್ ನೀವು, ಓದಿದವರು. ಇದನ್ನೆಲ್ಲ ಗ್ರೂಪಲ್ಲಿ ಹಾಕ್ತಾರಾ? ರೀಸೇಲ್ ವ್ಯಾಲ್ಯೂ ಏನಾಗಬೇಕು?" ಮಾತಿಗೆ ಮಾತು ಬೆಳೆದು ಅವರ ಬಾಯಿಂದಲೇ ಬಂತು: ಪರೀಕ್ಷೆ ಅವರೂ ಮಾಡಿಸಿದ್ದಾರೆ. ಆರು ತಿಂಗಳಿಗೊಮ್ಮೆ. ವರದಿ ಫೈಲಲ್ಲಿದೆ. ಹೋದ ಸಲವೂ ನೈಟ್ರೇಟ್ 50 ದಾಟಿತ್ತು.

"ಹೇಳಬಹುದಿತ್ತಲ್ಲ ಸಾರ್?"

"ಯಾಕೆ ಸಾರ್? ಎಲ್ಲರ ಮನೇಲೂ ಆರ್‌ಓ ಇದೆಯಲ್ಲ."

ನನಗೆ ಹೊಟ್ಟೆ ಉರಿದದ್ದು ಈ ಮಾತಿಗೆ. ಆ ಗೋಡೆಯ ಯಂತ್ರ ನೀರನ್ನ ಎಷ್ಟು ಸೋಸುತ್ತೋ, ಅಷ್ಟೇ ಅಚ್ಚುಕಟ್ಟಾಗಿ ಪ್ರಶ್ನೆಯನ್ನೂ ಸೋಸಿ ಸಿಂಕಿಗೆ ಬಿಡುತ್ತೆ. ಬೋರಿಗೆ ಕಕ್ಕಸಿನ ನೀರು ಸೇರ್ತಿದೆ ಅನ್ನೋದು ಯಾರ ಸಮಸ್ಯೆಯೂ ಅಲ್ಲ, ಎಲ್ಲರ ಮನೇಲೂ ಆರ್‌ಓ ಇದೆಯಲ್ಲ. ಟ್ಯಾಂಕರ್‌ನವನು ಎಲ್ಲಿಂದ ತುಂಬಿಸ್ತಾನೆ ಅಂತ ಕೇಳೋರಿಲ್ಲ, ಆರ್‌ಓ ಇದೆಯಲ್ಲ. ನಮ್ಮ ಬಿಲ್ಡಿಂಗಲ್ಲಿ ಯುವಿ ಫಿಲ್ಟರ್ ಇಟ್ಟುಕೊಂಡು ಹಸುಗೂಸಿಗೆ ಹಾಲು ಕಲಸ್ತಿದ್ದದ್ದು ನಾನೊಬ್ಬನೇ ಅಲ್ಲ ಅಂತ ಆಮೇಲೆ ತಿಳೀತು, ಇನ್ನೂ ಎರಡು ಮನೆ ಇದ್ದವು. ಬಾಡಿಗೆಗೆ ಬಂದ ಹುಡುಗರು ನಲ್ಲಿ ನೀರನ್ನೇ ಕಾಯಿಸಿ ಕುಡೀತಿದ್ದರು. ಫೈಲ್ ಮಾತ್ರ ಭದ್ರವಾಗಿತ್ತು.

ದುಡ್ಡಿನ ಲೆಕ್ಕವನ್ನಾದರೂ ನೋಡಿ, ಅದು ಎಲ್ಲರಿಗೂ ಅರ್ಥ ಆಗುತ್ತಲ್ಲ. ಒಂದು ಮನೆಗೆ ದಿನಕ್ಕೆ 15 ಲೀಟರ್ ಆರ್‌ಓ ನೀರು ಅಂತಿಟ್ಟುಕೊಳ್ಳಿ. ಒಂದಕ್ಕೆ ಮೂರರ ಹಾಗೆ 45 ಲೀಟರ್ ಸಿಂಕಿಗೆ. 136 ಮನೆಗೆ 6,120. ಸಣ್ಣ ಟ್ಯಾಂಕರಿನಲ್ಲಿ ಹಿಡಿಯೋದು 6,000 ಲೀಟರ್. ಅಂದರೆ ನಾವು ದಿನಾ ಒಂದು ಟ್ಯಾಂಕರ್ ಬೆಳಿಗ್ಗೆ ಗೇಟಿನಿಂದ ಒಳಗೆ ಬಿಟ್ಟುಕೊಂಡು, ಬಾಡಿಗೆ ಕೊಟ್ಟು, ಸಂಜೆಯೊಳಗೆ ಚರಂಡಿಗೆ ಸುರೀತಿದ್ದೀವಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ ಇದೇ ಗುಂಪಿನಲ್ಲಿ ಅಕ್ಕಪಕ್ಕದ ಕಾರು ತೊಳೆಯೋರ ಫೋಟೋ ಹಾಕಿ ಬೈದವರು ನಾವು.

ಆರ್‌ಓ ಪಾಪ ಅಂತ ನಾನು ಹೇಳ್ತಿಲ್ಲ. ಪಾವಗಡದಲ್ಲಿ, ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಗಟ್ಟಿದವರನ್ನ, ಮೂಳೆ ಬಾಗಿದವರನ್ನ ನೋಡಿದರೆ ಹಾಗೆ ಹೇಳೋಕೆ ಬಾಯಿ ಬರಲ್ಲ. ಅಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳೋ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಊರಿಗೆ ಊರೇ ತಹಶೀಲ್ದಾರ್ ಕಚೇರಿ ಮುಂದೆ ಹೋಗಿ ಕೂರುತ್ತೆ. ಯಾಕೆ ಬೇಕು ಅಂತ ಅವರಿಗೆ ಗೊತ್ತು, ಕೆಟ್ಟರೆ ಯಾರನ್ನ ಕೇಳಬೇಕು ಅಂತಲೂ ಗೊತ್ತು. ನಮಗೆ ಈ ಎರಡೂ ಗೊತ್ತಿಲ್ಲ. ನಮಗೆ ಗೊತ್ತಿರೋದು ಇಎಂಐ.

ಐದನೇ ಹಂತದ ಕಾವೇರಿ ನೀರು 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯ್ತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ. ನಮ್ಮ ರಸ್ತೆಯಲ್ಲಿ ಪೈಪು ಬಂದಿದೆ. ಸಂಪರ್ಕಕ್ಕೆ ಕಟ್ಟಬೇಕಾದ ಹಣ ಜಾಸ್ತಿ ಆಯ್ತು ಅಂತ ನಮ್ಮ ಅಸೋಸಿಯೇಷನ್ ಅರ್ಜಿಯನ್ನೇ ಹಾಕಿರಲಿಲ್ಲ. 136 ಮನೆಯವರು ಗೋಡೆಗೆ ಹಾಕಿದ ಯಂತ್ರಗಳ ಬೆಲೆ, ವರ್ಷಾ ವರ್ಷ ಕಟ್ಟೋ ಎಎಂಸಿ ಎಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಬರೆದು ಸಭೆಗೆ ತಗೊಂಡು ಹೋದೆ. ಆರು ಜನ ಬಂದಿದ್ದರು. ಒಬ್ಬರು ನನ್ನ ಹಾಳೆಯನ್ನ ಪೂರ್ತಿ ಓದಿ, "ನಿಮ್ಮದು ಯಾವ ಮಾಡೆಲ್ ಸಾರ್, ಸರ್ವಿಸ್ ಚೆನ್ನಾಗಿದೆಯಾ?" ಅಂತ ಕೇಳಿದರು.

ಅಮ್ಮನ ಮನೆಯದನ್ನ ತೆಗೆಸಿದೆ. ಮೂರು ದಿನ ಮುನಿಸಿಕೊಂಡಿದ್ದಳು. ಅವಳ ನೀರನ್ನೂ ಲ್ಯಾಬಿಗೆ ಕೊಟ್ಟು, ವರದಿಯನ್ನ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ ಮೇಲೆ ಸರಿ ಹೋದಳು. ಈಗ ಅಲ್ಲಿ ಯುವಿ ಇದೆ, ಅದರ ನೀರನ್ನೂ ಬಟ್ಟೆ ಕಟ್ಟಿ ಸೋಸ್ತಾಳೆ. ಇರಲಿ.

ನಮ್ಮ ಅಪಾರ್ಟ್‌ಮೆಂಟಿನ ವರದಿಯನ್ನ ಲಿಫ್ಟ್ ಪಕ್ಕದ ಬೋರ್ಡಿಗೆ ಅಂಟಿಸಿದೆ. ಎರಡು ಸಲ ಯಾರೋ ಹರಿದರು. ಮೂರನೇ ಸಲ ಅಂಟಿಸ್ತಿದ್ದಾಗ ರಾತ್ರಿ ಪಾಳಿಯ ಸೆಕ್ಯೂರಿಟಿಯವರು ಟಾರ್ಚ್ ಹಿಡಕೊಂಡು ಬಂದು ನಿಂತು, ಒಂದೊಂದೇ ಸಾಲು ಓದಿದರು. ಸಿಂಧನೂರು ಕಡೆಯವರು, ಮೆಟ್ರಿಕ್ ಆಗಿದೆ.

"ಸರ್, ಇದು ಮ್ಯಾಲಿನ ಮನಿ ನೀರಿಂದೋ, ನಮ್ಮ ಸಂಪಿನ ನಳದ್ದೋ?"

ಸಂಪಿನ ಪಕ್ಕದ ನಳ ಅಂದರೆ ಅವರು, ಹೌಸ್‌ಕೀಪಿಂಗ್‌ನವರು, ತೋಟದ ಮಾಲಿ ಎಲ್ಲ ಕುಡಿಯೋ ನಳ. ಎರಡೂ ಅದೇ ನೀರೇ ಅಣ್ಣ ಅಂದೆ. ಹೂಂ ಅಂದರು. ಮಾರನೇ ದಿನದಿಂದ ಅವರ ಎರಡು ಬಾಟಲಿ ನಮ್ಮ ಮನೆಯಲ್ಲೇ ತುಂಬ್ತಿವೆ. ಅವರನ್ನ ಬಿಟ್ಟು ಆ ನಳದಲ್ಲಿ ಕುಡಿಯೋರು ಇನ್ನೂ ಹದಿನೈದು ಜನ ಇದ್ದಾರೆ. ಮುಂದಿನ ಜನರಲ್ ಬಾಡಿ ಭಾನುವಾರ ಬೆಳಿಗ್ಗೆ 11ಕ್ಕೆ, ಕ್ಲಬ್‌ಹೌಸಿನಲ್ಲಿ. ಕಾವೇರಿ ಸಂಪರ್ಕ ಮತ್ತು ಸಂಪಿನ ನಳ, ಎರಡನ್ನೂ ಅಜೆಂಡಾದಲ್ಲಿ ಬರೆಸಿದ್ದೀನಿ.